ಪ್ರೌಢಶಾಲೆಯ ಜೀವಶಾಸ್ತ್ರ ಪ್ರಯೋಗಕ್ಕೆ 12,000 ರೂಪಾಯಿ: ಒಂದೇ ಒಳ್ಳೆಯ ಮೈಕ್ರೋಸ್ಕೋಪೋ, ಅಗ್ಗದ ನಾಲ್ಕೋ? ಅನುಭವ ತಿಳಿಸಿ

ಮಸ್ಕಿ ಕಡೆಯ ಶಿಕ್ಷಕಿ
ಎಲ್ಲರಿಗೂ ನಮಸ್ಕಾರ. ನಮ್ಮ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಪ್ರಯೋಗಾಲಯಕ್ಕೆಂದು 12,000 ರೂಪಾಯಿ ಕೊಡಲು ಒಪ್ಪಿದ್ದಾರೆ. ಹತ್ತನೆಯ ತರಗತಿಯಲ್ಲಿ 52 ಮಕ್ಕಳಿದ್ದಾರೆ. ವಿಜ್ಞಾನದ ಪೀರಿಯಡ್ ಊಟದ ನಂತರ ಬರುತ್ತದೆ. ಒಂದೇ ಒಳ್ಳೆಯ ಮೈಕ್ರೋಸ್ಕೋಪ್ ಕೊಳ್ಳುವುದೇ, ಅಗ್ಗದವು ನಾಲ್ಕು ಕೊಳ್ಳುವುದೇ? ಸಿದ್ಧ ಸ್ಲೈಡುಗಳ ಪೆಟ್ಟಿಗೆ ಬೇಕೇ? ಮಕ್ಕಳು ತಮ್ಮ ಕೈಯಿಂದಲೇ ಮಾಡುವಂತಾಗಬೇಕೆಂಬುದು ನನ್ನ ಆಸೆ.

ಗಂಗಾವತಿ ಶಿಕ್ಷಕ
ಮೇಡಂ, ದಯವಿಟ್ಟು ದೀಪವಿರುವುದನ್ನು ಕೊಳ್ಳಬೇಡಿ. ನಮ್ಮ ಶಾಲೆಗೆ 9,400 ರೂಪಾಯಿ ಕೊಟ್ಟು ತರಿಸಿದೆವು. ಅದರ ಮೇಲೆ ಸಾಗಣೆಗೆ 350, ಮರದ ಪೆಟ್ಟಿಗೆಗೆ 600 ಎಂದು ಅಂಗಡಿಯವರು ಬೇರೆಯಾಗಿ ಬರೆದರು. ಪೆಟ್ಟಿಗೆ ಬೇಡವೆಂದರೆ ವಾರಂಟಿ ಇಲ್ಲವೆಂದರು. ಎಣ್ಣೆಯ ಹನಿ ಹಾಕಿ ನೋಡುವ 100 ಪಟ್ಟಿನ ಆಯಿಲ್ ಲೆನ್ಸ್ ಉಚಿತವೆಂದು ಹೊಗಳಿ ಕೊಟ್ಟರು, ಪ್ರೌಢಶಾಲೆಯಲ್ಲಿ ಅದನ್ನು ಯಾರು ಮುಟ್ಟುತ್ತಾರೆ? ಬೇಸಿಗೆಯಲ್ಲಿ ಸರಿಯಾಗಿ ನಮ್ಮ ಪೀರಿಯಡ್ಡಿಗೇ ಕರೆಂಟ್ ಹೋಗುತ್ತಿತ್ತು. ಆಗ ಆ ಯಂತ್ರಕ್ಕೂ ಕಬ್ಬಿಣದ ತುಂಡಿಗೂ ವ್ಯತ್ಯಾಸವಿರಲಿಲ್ಲ. ಆಮೇಲೆ ನಾನು ರಜೆಯಲ್ಲಿದ್ದಾಗ ನನ್ನ ಬದಲಿಗೆ ಬಂದವರು 45 ಪಟ್ಟಿನ ಲೆನ್ಸನ್ನು ದೊಡ್ಡ ತಿರುಪಿನಿಂದಲೇ ಇಳಿಸಲು ಮಕ್ಕಳಿಗೆ ಬಿಟ್ಟರು. ಸ್ಲೈಡ್ ಒಡೆಯಿತು, ಲೆನ್ಸಿನ ಮುಖಕ್ಕೆ ಗೀರು ಬಿತ್ತು. ಬದಲಿ ಲೆನ್ಸಿಗೆ 1,850, ಕೊರಿಯರಿಗೆ 240. ಈಗ ಕನ್ನಡಿಯದೊಂದನ್ನು 2,900ಕ್ಕೆ ತಂದು ಕಿಟಕಿಯ ಬಳಿ ಇಟ್ಟಿದ್ದೇನೆ; ನೇರ ಬಿಸಿಲನ್ನು ಮಾತ್ರ ಕನ್ನಡಿಗೆ ಹಿಡಿಯಲು ಬಿಡುವುದಿಲ್ಲ, ಕಣ್ಣು ಹೋಗುತ್ತದೆ.

ಬಳ್ಳಾರಿ ಪಿಯು ಉಪನ್ಯಾಸಕಿ
ಮೈಕ್ರೋಸ್ಕೋಪ್ ಯಾವುದಾದರೂ ಆಗಲಿ, ಸಿದ್ಧ ಸ್ಲೈಡಿನ ಪೆಟ್ಟಿಗೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕ ಬರವಣಿಗೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಆ 20ರಲ್ಲಿ 20 ಪಡೆದು ಬಂದ ಮಕ್ಕಳು ಮೊದಲ ಪಿಯುಸಿಯಲ್ಲಿ ಸ್ಲೈಡಿನ ಮೇಲೆ ಮುಚ್ಚುವ ತೆಳುಗಾಜನ್ನು (ಕವರ್‌ಸ್ಲಿಪ್) ಮೇಲಿನಿಂದ ಪಟ್ಟನೆ ಬೀಳಿಸಿ, ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗೆ ಕಪ್ಪು ಅಂಚು ಕಾಣುವುದನ್ನೇ ಜೀವಕೋಶವೆಂದು ಚಿತ್ರ ಬರೆದು ತೋರಿಸುತ್ತಾರೆ, ಮತ್ತು 30 ಅಂಕದ ಪ್ರಾಯೋಗಿಕ ಪರೀಕ್ಷೆ ಎದುರಿಗಿರುವಾಗ ಅದನ್ನು ಅಳಿಸಿ ಮೊದಲಿನಿಂದ ಕಲಿಸುವ ಪಾಡು ನಮ್ಮದಾಗುತ್ತದೆ. ನಾನು ನನ್ನ ಮಕ್ಕಳಿಗೆ ಮೊದಲ ತಿಂಗಳು ಉಳ್ಳಾಗಡ್ಡಿಯ ಹೊರತು ಬೇರೇನನ್ನೂ ಕೊಡುವುದಿಲ್ಲ. ಎಸಳಿನ ಒಳಮೈಯಿಂದ ಚಿಮಟದಲ್ಲಿ ತೆಳುವಾದ ಪದರ ಎಳೆದು, ನೀರಿನಲ್ಲಿ ಬಿಟ್ಟು, ಸಾಫ್ರನಿನ್ ಎಂಬ ಕೆಂಪು ಬಣ್ಣ ಹಾಕಿ, ಹೆಚ್ಚಿನ ಬಣ್ಣ ತೊಳೆದು, ಗ್ಲಿಸರಿನ್ ಹನಿಯ ಮೇಲಿಟ್ಟು, ಕವರ್‌ಸ್ಲಿಪ್ಪಿನ ಒಂದು ಅಂಚನ್ನು ಹನಿಗೆ ತಾಗಿಸಿ ಸೂಜಿಯ ಆಸರೆಯಲ್ಲಿ ನಿಧಾನವಾಗಿ ಇಳಿಸಬೇಕು. ಬಳ್ಳಾರಿಯ ಬಿಸಿಲಿನಲ್ಲಿ ಬರೀ ನೀರಿನ ಸ್ಲೈಡು ಎಲ್ಲರೂ ನೋಡುವುದರೊಳಗೆ ಒಣಗುತ್ತದೆ. ಗ್ಲಿಸರಿನ್ ಬೇಕೇ ಬೇಕು. 100 ಎಂಎಲ್‌ಗೆ 75 ರೂಪಾಯಿ ಕೊಟ್ಟಿದ್ದೇನೆ, ವರ್ಷವೆಲ್ಲ ಬಂತು.

ಸಿಂಧನೂರು ಟ್ಯೂಷನ್ ಮಾಸ್ತರ
ಇಷ್ಟೆಲ್ಲ ಕಷ್ಟವೇಕೆ? ನಾನು ಫೋಲ್ಡ್‌ಸ್ಕೋಪ್ ಎಂಬ, ಕಾಗದ ಮಡಚಿ ಮಾಡುವ ಮೈಕ್ರೋಸ್ಕೋಪ್ ತರಿಸಿದ್ದೇನೆ. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಅವರ ತಂಡ 2014ರಲ್ಲಿ ಲೋಕಕ್ಕೆ ತೋರಿಸಿದ್ದು. ಸುಮಾರು 140 ಪಟ್ಟು ದೊಡ್ಡದಾಗಿ ಕಾಣುತ್ತದೆ, ಕರೆಂಟ್ ಬೇಡ, ಜೇಬಿನಲ್ಲಿ ಹೋಗುತ್ತದೆ. ಐದಕ್ಕೆ ಅಂಚೆ ವೆಚ್ಚ ಸೇರಿ 2,600 ಆಯಿತು. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಗದ್ದೆಗೆ ಬಂದು ನಿಂತ ನೀರಿನ ಸ್ಪೈರೋಗೈರಾ ಎಂಬ ಹಸಿರು ಪಾಚಿಯೊಳಗೆ ಸುರುಳಿಯಾಗಿ ಕುಳಿತ ಪತ್ರಹರಿತ್ತನ್ನು ನನ್ನ ಹುಡುಗರು ಗದ್ದೆಯ ಬದುವಿನ ಮೇಲೆಯೇ ನೋಡಿದ್ದಾರೆ. ನಿಮ್ಮ ಪಿಯು ಲ್ಯಾಬಿನ ಮಕ್ಕಳು ಅದನ್ನು ಬಾಟಲಿಯಲ್ಲಿ ಮಾತ್ರ ನೋಡಿರಬೇಕು.

ಬಳ್ಳಾರಿ ಪಿಯು ಉಪನ್ಯಾಸಕಿ
ಮಾಸ್ತರರೇ, ನೋಡುವುದು ಬೇರೆ, ಮಾಡುವುದು ಬೇರೆ. ಕಡಿಮೆ ಪಟ್ಟಿನಲ್ಲಿ ಹುಡುಕಿ, ನಡುವೆ ತಂದು, ಲೆನ್ಸ್ ತಿರುಗಿಸಿ, ಸಣ್ಣ ತಿರುಪಿನಿಂದ ಸ್ಪಷ್ಟಗೊಳಿಸುವ ಅಭ್ಯಾಸ ನಿಮ್ಮ ಕಾಗದದಲ್ಲಿ ಬರುವುದಿಲ್ಲ. ಪರೀಕ್ಷೆಯ ಮೇಜಿನ ಮೇಲೆ ಕಾಗದ ಇಟ್ಟಿರುವುದಿಲ್ಲ. ನಮ್ಮ ಮಕ್ಕಳು ಏನು ನೋಡಿದ್ದಾರೆ ಎಂಬುದನ್ನು ನೀವು ನೋಡಿಲ್ಲ.

ಸಿಂಧನೂರು ಟ್ಯೂಷನ್ ಮಾಸ್ತರ
ಪರೀಕ್ಷೆಗಾಗಿಯೇ ಕಲಿಸುವವರಿಗೆ ಇದು ರುಚಿಸುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಕೊಪ್ಪಳದ ನಿವೃತ್ತ ಲ್ಯಾಬ್ ಅಟೆಂಡರ್
ಎಲ್ಲರೂ ಮೈಕ್ರೋಸ್ಕೋಪಿಗೇ ಜೋತುಬಿದ್ದಿದ್ದೀರಿ. ನನ್ನ ಸೇವೆಯಲ್ಲಿ ಯಾವ ಸಾಹೇಬರೂ ತಾವಾಗಿ ಸ್ಪಿರಿಟ್ ದೀಪ ಹಚ್ಚಿದ್ದನ್ನು ನೋಡಲಿಲ್ಲ. ಹಚ್ಚಿದವನು ನಾನು, ಬೈಸಿಕೊಂಡವನೂ ನಾನು. ಎಲೆಯಲ್ಲಿ ಪಿಷ್ಟವಿದೆಯೇ ಎಂದು ತೋರಿಸಲು ಎಲೆಯ ಹಸಿರನ್ನು ಸ್ಪಿರಿಟಿನಲ್ಲಿ, ಅಂದರೆ ಮದ್ಯಸಾರದಲ್ಲಿ, ತೆಗೆಯಬೇಕು, ಆದರೆ ಸ್ಪಿರಿಟನ್ನು ಬೆಂಕಿಯ ಮೇಲೆ ಇಡಬಾರದು. ಅದು 78 ಡಿಗ್ರಿಗೆ ಕುದಿಯುತ್ತದೆ, ಅದರ ಆವಿಗೆ ಬೆಂಕಿ ಹತ್ತುತ್ತದೆ. ನೀರನ್ನು ಮೊದಲು ಕಾಯಿಸಿ, ದೀಪ ಆರಿಸಿ, ಆ ಬಿಸಿನೀರಿನಲ್ಲಿ ಸ್ಪಿರಿಟಿನ ಪ್ರನಾಳ ಇಳಿಸಬೇಕು. ರೆಕ್ಟಿಫೈಡ್ ಸ್ಪಿರಿಟಿಗೆ ಅಬಕಾರಿ ಪರವಾನಗಿ ಬೇಕಾದ್ದರಿಂದ ನಾವು ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟನ್ನೇ ಬಳಸುತ್ತಿದ್ದೆವು.

ಗಂಗಾವತಿ ಶಿಕ್ಷಕ
ಕೊರೊನಾ ಕಾಲದ ಸ್ಯಾನಿಟೈಸರ್ ಎರಡು ಕ್ಯಾನ್ ನಮ್ಮ ಶಾಲೆಯಲ್ಲಿ ಉಳಿದಿತ್ತು. ಅದರಲ್ಲಿಯೇ ಎಲೆ ಬಿಳಿಚಿತು, ಒಂದು ಪೈಸೆ ಖರ್ಚಾಗಲಿಲ್ಲ. ಆದರೆ ಅಯೋಡಿನ್ ಹಾಕಿದಾಗ, ಪಿಷ್ಟವಿದ್ದರೆ ಬರಬೇಕಾದ ನೀಲಿಗಪ್ಪು ಬಣ್ಣ ಬರಲೇ ಇಲ್ಲ. ನಮಗೆ ಮಾರಿದ ಅಯೋಡಿನ್ನೇ ನಕಲಿ. 125 ಎಂಎಲ್‌ಗೆ 180 ರೂಪಾಯಿ ದಂಡ.

ಕೊಪ್ಪಳದ ನಿವೃತ್ತ ಲ್ಯಾಬ್ ಅಟೆಂಡರ್
ಸರ್, ಅಯೋಡಿನ್ ನಕಲಿಯಲ್ಲ. ಬಿಸಿನೀರಿನಿಂದ ತೆಗೆದ ಎಲೆಯ ಮೇಲೆ ಹಾಗೆಯೇ ಹನಿ ಬಿಟ್ಟಿರುತ್ತೀರಿ. ಪಿಷ್ಟ ಬಿಸಿಯಾಗಿದ್ದರೆ ಅಯೋಡಿನ್ನಿನ ನೀಲಿ ನಿಲ್ಲುವುದಿಲ್ಲ, ತಣ್ಣೀರಿನಲ್ಲಿ ತೊಳೆದು ಆರಿಸಿ ಹಾಕಿದರೆ ಬರುತ್ತದೆ. ಸ್ಯಾನಿಟೈಸರ್ ಬಗ್ಗೆ ಮಾತ್ರ ಹೆಮ್ಮೆ ಬೇಡ. ಮದ್ಯಸಾರದ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ, ಮಕ್ಕಳ ಕೈಗೆ ಅಂಟಿದ ಜೆಲ್ಲಿಗೆ ಬೆಂಕಿ ತಾಗಿದರೆ ಒರೆಸಿದಷ್ಟೂ ಹರಡುತ್ತದೆ.

ಗಂಗಾವತಿ ಶಿಕ್ಷಕ
ನಾನು ಎಲೆಯನ್ನು ತೊಳೆದೇ ಹಾಕಿದ್ದೆ. ನೀವು ಪಕ್ಕದಲ್ಲಿ ನಿಂತು ನೋಡಿದಂತೆ ಬರೆಯುತ್ತಿದ್ದೀರಿ. ನಮ್ಮದು ಜೆಲ್ಲೂ ಅಲ್ಲ, ದ್ರವ.

ಬಳ್ಳಾರಿ ಪಿಯು ಉಪನ್ಯಾಸಕಿ
ಅಟೆಂಡರ್ ಅಣ್ಣಾವರು ಹೇಳಿದ್ದು ಸರಿ. ಇನ್ನೊಂದು ಕಾರಣವೂ ಇರಬಹುದು: ಅಯೋಡಿನ್ನನ್ನು ಕಂದು ಬಾಟಲಿಯಲ್ಲಿ ಕತ್ತಲೆಯಲ್ಲಿ ಇಡದೆ ಕಿಟಕಿಯಲ್ಲಿ ಇಟ್ಟರೆ ಅದು ಸಪ್ಪೆಯಾಗುತ್ತದೆ. ಮಸ್ಕಿ ಮೇಡಂ, ನಿಮ್ಮದು ಮಧ್ಯಾಹ್ನದ ಪೀರಿಯಡ್ ಎಂದಿರಿ. ಪತ್ರರಂಧ್ರ (ಎಲೆಯ ಮೈಯಲ್ಲಿ ಗಾಳಿಯಾಡುವ ಸಣ್ಣ ರಂಧ್ರ) ತೋರಿಸುವುದಿದ್ದರೆ ಎಲೆಯನ್ನು ಬೆಳಿಗ್ಗೆಯೇ ಕಿತ್ತು ಸಿಪ್ಪೆ ತೆಗೆದಿಡಿ. ಸುಡುಬಿಸಿಲಿನಲ್ಲಿ ಬಾಡಿದ ಎಲೆಯಲ್ಲಿ ರಂಧ್ರಗಳೆಲ್ಲ ಮುಚ್ಚಿರುತ್ತವೆ.

ಮಸ್ಕಿ ಕಡೆಯ ಶಿಕ್ಷಕಿ
ಎಲ್ಲರಿಗೂ ವಂದನೆಗಳು. ಸಾಫ್ರನಿನ್ ಸಿಗದಿದ್ದರೆ ಕೆಂಪು ಇಂಕು ನಡೆಯುತ್ತದೆಯೇ?

ಸಿಂಧನೂರು ಟ್ಯೂಷನ್ ಮಾಸ್ತರ
ಧಾರಾಳವಾಗಿ ನಡೆಯುತ್ತದೆ. ಐದು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ.

ಬಳ್ಳಾರಿ ಪಿಯು ಉಪನ್ಯಾಸಕಿ
ನಡೆಯುವುದಿಲ್ಲ. ಇಂಕು ಸ್ಲೈಡನ್ನೆಲ್ಲ ಕೆಂಪು ಮಾಡುತ್ತದೆ, ಕೋಶಕೇಂದ್ರ ಬೇರೆಯಾಗಿ ಎದ್ದು ಕಾಣುವುದಿಲ್ಲ. ಬಣ್ಣವೇ ಇಲ್ಲದಿದ್ದರೆ ಕೆಂಪು ಉಳ್ಳಾಗಡ್ಡಿಯ ಎಸಳಿನ ಹೊರಮೈಯ ಪದರ ತೆಗೆಯಿರಿ. ಅದರ ಕೋಶಗಳಲ್ಲಿ ಸಹಜವಾಗಿಯೇ ನೇರಳೆ ಬಣ್ಣವಿದೆ. ಪಕ್ಕದಲ್ಲಿ ಉಪ್ಪುನೀರಿನ ಹನಿ ಬಿಟ್ಟು, ಎದುರು ಅಂಚಿಗೆ ಒತ್ತುಕಾಗದ ಹಿಡಿದು ಒಳಗೆ ಎಳೆಸಿದರೆ, ಆ ನೇರಳೆ ಭಾಗ ಕೋಶಭಿತ್ತಿಯಿಂದ ಬಿಟ್ಟು ಒಳಗೆ ಕುಗ್ಗುವುದು ಕಣ್ಣೆದುರೇ ಕಾಣುತ್ತದೆ.

ಸಿಂಧನೂರು ಟ್ಯೂಷನ್ ಮಾಸ್ತರ
ಅದು ಫೋಲ್ಡ್‌ಸ್ಕೋಪಿನಲ್ಲಿಯೂ ಕಾಣುತ್ತದೆ.