ತುರ್ತು: ಕಲ್ಲಿನ ರಂಧ್ರದೊಳಗೆ ಅನಿಲ ದ್ರವವಾಗುವುದಕ್ಕೆ ಏನನ್ನೋಣ?

ಮಿತ್ರರೇ,

ತೈಲಶಿಲೆಗಳ ಬಗೆಗಿನ ಪ್ರದರ್ಶನ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಶೇಲ್ ಕಲ್ಲಿನಲ್ಲಿ ಕೆಲವೇ ನ್ಯಾನೊಮೀಟರ್ ಅಗಲದ ರಂಧ್ರಗಳಿರುತ್ತವಲ್ಲ, ಅವುಗಳೊಳಗೆ ಅನಿಲವು ದೊಡ್ಡ ಪಾತ್ರೆಯಲ್ಲಿ ಬೇಕಾಗುವುದಕ್ಕಿಂತ ಕಡಿಮೆ ಒತ್ತಡದಲ್ಲೇ ದ್ರವವಾಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಕ್ಯಾಪಿಲರಿ ಕಂಡೆನ್ಸೇಶನ್ ಎನ್ನುತ್ತಾರೆ. 'ಲೋಮನಾಳ ಸಾಂದ್ರೀಕರಣ' ಎಂದು ಬರೆದೆ. ಕರಡು ಓದಿದವರು 'ಎಣ್ಣೆ ಮಂದವಾಗುತ್ತಾ?' ಎಂದು ಕೇಳಿದರು. ಶೀರ್ಷಿಕೆಯಲ್ಲಿ ಎರಡು ಪದಕ್ಕಷ್ಟೇ ಜಾಗ.

ಮರು:
ಸಾಂದ್ರೀಕರಣ ಶಾಲೆಯ ಪುಸ್ತಕದಲ್ಲೇ ಇದೆ, ಬಿಡಬೇಡಿ. ತಪ್ಪಿರುವುದು ಲೋಮದಲ್ಲಿ. ಕ್ಯಾಪಿಲರಿಯ ಮೂಲವಾದ ಲ್ಯಾಟಿನ್ನಿನ ಕ್ಯಾಪಿಲಸ್ ಎಂದರೆ ತಲೆಗೂದಲು. ಲೋಮ ಮೈಮೇಲಿನದು. ಆದ್ದರಿಂದ ಕೇಶನಾಳ. ಇದನ್ನು ಇಲ್ಲಿ ಇನ್ನೆಷ್ಟು ಸಲ ಹೇಳಬೇಕೋ.

ಮರು:
ನೀವು ಕೂದಲು ಸೀಳುತ್ತ ಕೂತಿರಿ. ಕನ್ನಡದಲ್ಲಿ 'ಹನಿಗಟ್ಟು' ಇರುವಾಗ ಸಾಂದ್ರೀಕರಣ ಯಾಕೆ ಬೇಕು? ಹಳಗನ್ನಡದ ಪನಿಯೇ ಹನಿ. ತಮಿಳಿನಲ್ಲಿ ಪನಿ ಎಂದರೆ ಇಬ್ಬನಿ, ನಮ್ಮ ಇಬ್ಬನಿಯಲ್ಲೂ ಅದೇ 'ಬನಿ'ಯಾಗಿ ಕೂತಿದೆ. ಆವಿ ತಣಿದು ನೀರಾಗುವುದಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ನೇರವಾದ ಮಾತಿಲ್ಲ. 'ಕಿರುತೂತಿನ ಹನಿಗಟ್ಟುವಿಕೆ'. ಎರಡೇ ಪದ, ಲೆಕ್ಕ ಹಾಕಿಕೊಳ್ಳಿ.

ಮರು:
ಪದ ಚೆನ್ನಾಗಿದೆ ಸ್ವಾಮಿ, ಆದರೆ ಅಲ್ಲಿ ಹನಿಯೇ ಇಲ್ಲ. ರಂಧ್ರದ ಗೋಡೆಗೆ ಅಣುಗಳು ಪದರು ಪದರಾಗಿ ಅಂಟುತ್ತವೆ. ಪದರು ದಪ್ಪಗಾಗುತ್ತ ಹೋಗಿ, ನಡುವೆ ಉಳಿದ ಟೊಳ್ಳು ಒಮ್ಮೆಲೇ ತುಂಬಿಕೊಳ್ಳುತ್ತದೆ. ಆ ದ್ರವದ ಮೇಲ್ಮೈ ಬಟ್ಟಲಿನಂತೆ ಒಳಬಾಗಿರುತ್ತದೆ. ಹನಿಯದು ಹೊರಗೆ ಉಬ್ಬಿರುತ್ತದೆ. ಇಡೀ ವ್ಯತ್ಯಾಸ ಇರುವುದೇ ಇಲ್ಲಿ. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ 1871ರಲ್ಲಿ ತೋರಿಸಿದ್ದು ಇದನ್ನೇ: ಮೇಲ್ಮೈ ಒಳಬಾಗಿದ್ದರೆ ಕಡಿಮೆ ಆವಿಯೊತ್ತಡ ಸಾಕು, ಹೊರಗೆ ಉಬ್ಬಿದ್ದರೆ ಹೆಚ್ಚು ಬೇಕು. ನೀರನ್ನೇ ತೆಗೆದುಕೊಳ್ಳಿ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗೋಡೆ ಚೆನ್ನಾಗಿ ತೋಯುವಂಥದ್ದಾದರೆ, 10 ನ್ಯಾನೊಮೀಟರ್ ತ್ರಿಜ್ಯದ ರಂಧ್ರ ಸುಮಾರು 90% ಆರ್ದ್ರತೆಯಲ್ಲೇ ತುಂಬುತ್ತದೆ. ಅದೇ ತ್ರಿಜ್ಯದ ಹನಿ ಆವಿಯಾಗದೆ ಉಳಿಯಬೇಕಾದರೆ ಸುಮಾರು 111% ಬೇಕು, ಅಂದರೆ ಸಮತಟ್ಟಾದ ನೀರಿನ ಮೇಲೆ ನಿಲ್ಲುವುದಕ್ಕಿಂತಲೂ ಹೆಚ್ಚು ಆವಿ. ಹನಿ ಎಂದಿರೋ, ಅರ್ಥ ತಲೆಕೆಳಗು.

ಕೂದಲಿನ ವಿಷಯ: ಒಂದು ಕೂದಲು ಹತ್ತಾರು ಸಾವಿರ ನ್ಯಾನೊಮೀಟರ್ ದಪ್ಪ. ಲೋಮವೂ ಬೇಡ, ಕೇಶವೂ ಬೇಡ.

ಮರು:
ಹಾಗಾದರೆ 'ರಂಧ್ರ ದ್ರವೀಕರಣ' ಅನ್ನಬಹುದೆ? ಘನೀಕರಣ ಅಂತೂ ಬೇಡ, ಅದು ಹೆಪ್ಪುಗಟ್ಟುವುದಕ್ಕೆ ಮೀಸಲು.

ಮರು:
ಕರಣ ಎಂದರೆ ಯಾರೋ ಮಾಡುವುದು. ಸಿಲಿಂಡರಿಗೆ ತುಂಬಲು ಅನಿಲವನ್ನು ಒತ್ತಿ ದ್ರವ ಮಾಡುತ್ತಾರಲ್ಲ, ಅದು ದ್ರವೀಕರಣ. ತಾನಾಗಿ ಆದರೆ ದ್ರವೀಭವನ. ವ್ಯಾಕರಣಕ್ಕೂ ಸ್ವಲ್ಪ ಮರ್ಯಾದೆ ಇರಲಿ.

ಮರು:
ದ್ರವೀಭವನ! ಯಾವ ಬೀದಿಯಲ್ಲಿದೆ ಆ ಭವನ? ಕಲ್ಲೆಣ್ಣೆ ಎಂಬ ಅಚ್ಚಗನ್ನಡ ಪದ ಕೊಟ್ಟವರು ನಾವು. ನಿಮಗೆ ಎರವಲು ಇಲ್ಲದೆ ಉಸಿರಾಡುವುದಕ್ಕಾಗುವುದಿಲ್ಲ.

ಮರು:
ಪೆಟ್ರಾ ಕಲ್ಲು, ಓಲಿಯಂ ಎಣ್ಣೆ. ನಿಮ್ಮ ಕಲ್ಲೆಣ್ಣೆ ಪೆಟ್ರೋಲಿಯಮ್ಮಿನ ನೇರ ಅನುವಾದ. ಪದ ತಂದರೆ ಎರವಲು, ಕಲ್ಪನೆಯನ್ನೇ ಹೊತ್ತು ತಂದರೆ ಸ್ವಂತವೋ?

ಮರು:
ಈ ಜಗಳ ಹೋದ ತಿಂಗಳೂ ಆಗಿತ್ತು. ಬೇರೆ ಎಳೆಯಲ್ಲಿ ಮಾಡಿಕೊಳ್ಳಿ, ಅವರಿಗೆ ಬೆಳಗ್ಗೆ ಅಚ್ಚಿದೆ.

ಮರು:
ಎಲ್ಲರಿಗೂ ಧನ್ಯವಾದ. 'ರಂಧ್ರದಲ್ಲಿ ದ್ರವೀಕರಣ' ಎಂದು ಕಳಿಸಿದೆ, ವ್ಯಾಕರಣದವರು ಕ್ಷಮಿಸಬೇಕು. ಘನ, ದ್ರವ, ಅನಿಲ ಎಂಬ ಸ್ಥಿತಿಗಳ ಬಗ್ಗೆ 'ಹಂತ ಬದಲಾವಣೆ' ಎಂದಿದ್ದ ಕಡೆಯೆಲ್ಲ 'ಹಂತ' ತೆಗೆದು 'ಪ್ರಾವಸ್ಥೆ' ಮಾಡಿದ್ದೇನೆ, ಅದನ್ನು ಯಾರೂ ಎತ್ತಲಿಲ್ಲ ಸದ್ಯ. ಇನ್ನೊಂದು: ಫಲಕದ ಚಿತ್ರದಲ್ಲಿ ರಂಧ್ರದ ತುಂಬ ದುಂಡು ದುಂಡು ಹನಿಗಳನ್ನು ಬಿಡಿಸಿದ್ದರು. ಅಳಿಸಿ, ಗೋಡೆಗೆ ಪದರು ಬರೆಯಲು ಹೇಳಿದ್ದೇನೆ.