ಹಳೇ ಪಿಂಚಣಿಗೆ ಕಾಯೋದಾ, ಬಿಡೋದಾ? ಅನುಭವ ಇದ್ದವರು ಹೇಳಿ

ಅನುದಾನಿತ ಪ್ರೌಢಶಾಲೆ ಶಿಕ್ಷಕ. ನೇಮಕ 1999, ಶಾಲೆಗೆ ಅನುದಾನ ಸಿಕ್ಕಿದ್ದು 2008. ನಿವೃತ್ತಿಗೆ ಮೂರು ವರ್ಷ. ಅನುದಾನಕ್ಕೆ ಮುಂಚಿನ ಸೇವೆನೂ ಪಿಂಚಣಿಗೆ ಲೆಕ್ಕ ಹಿಡಿಯೋ ಹಾಗೆ 2014ರ ಕಾಯ್ದೆ ತಿದ್ದುಪಡಿ ಆಗುತ್ತೆ ಅಂತ ಕಾಯಲಾ, ಇರೋ ಒಂದು ಸೈಟು ಮಾರಿ ಬ್ಯಾಂಕಲ್ಲಿಡಲಾ?

ಹಾವೇರಿ ಮೇಷ್ಟ್ರು:
ಧೈರ್ಯ ಬಿಡಬೇಡಿ ಸರ್. ನನ್ನದು ಸರ್ಕಾರಿ ಶಾಲೆ. ನೇಮಕಾತಿ ಅಧಿಸೂಚನೆ 2005, ಹಾಜರಾದದ್ದು 2007. ಅದಕ್ಕೇ 17 ವರ್ಷ ಎನ್‌ಪಿಎಸ್, ಅಂದರೆ ವಂತಿಗೆ ಕಟ್ಟೋ ಹೊಸ ಪಿಂಚಣಿ. 2006ರ ಏಪ್ರಿಲ್ 1ಕ್ಕೆ ಮುಂಚೆ ಅಧಿಸೂಚನೆ ಆಗಿದ್ದರೆ ಹಳೇ ಪಿಂಚಣಿ ಅಂತ 2024ರ ಜನವರಿಯಲ್ಲಿ ಆದೇಶ ಬಂತು, ಸುಮಾರು 13,000 ಜನಕ್ಕೆ. ಆದೇಶ ಬಂದರೇನು, ಅಧಿಸೂಚನೆ ಪ್ರತಿ ಕಚೇರಿಯಲ್ಲೇ ಇಲ್ಲ! ಒಂಬತ್ತು ಸಲ ಜಿಲ್ಲಾ ಕೇಂದ್ರಕ್ಕೆ ಓಡಾಡಿದೆ, ಬಸ್ಸು ಊಟ ಸೇರಿ ಸಲಕ್ಕೆ 340 ರೂಪಾಯಿ. ಸೇವಾ ಪುಸ್ತಕದಲ್ಲಿ ಒಂದು ಹಾಳೆ ಹರಿದಿತ್ತು, ಅದಕ್ಕೇ ಎರಡು ತಿಂಗಳು. ಕೊನೆಗೆ ಹಳೇ ಪೇಪರಿನ ಕಟಿಂಗ್ ಇಟ್ಟುಕೊಂಡಿದ್ದ ಗೆಳೆಯನಿಂದ ತಾರೀಖು ಸಿಕ್ಕಿತು. ಛಲ ಇದ್ದವರಿಗೆ ಸಿಗುತ್ತೆ.

ತುಮಕೂರು ಶಿಕ್ಷಕಿ:
ಛಲ ಅಲ್ಲ ಮೇಷ್ಟ್ರೇ, ತಾರೀಖು. ನನ್ನದು 2007ರ ಅಧಿಸೂಚನೆ. ನಿಮ್ಮಷ್ಟೇ ಪಾಠ ಮಾಡಿದೀನಿ. ಬೆನ್ನುನೋವು ತಾಳಲಾರದೆ 2023ರಲ್ಲಿ ಸ್ವಯಂ ನಿವೃತ್ತಿ ತಗೊಂಡೆ. ಎನ್‌ಪಿಎಸ್‌ನಲ್ಲಿ ಅರವತ್ತು ತುಂಬಿ ಹೋದರೆ ಖಾತೆ ಹಣದಲ್ಲಿ ಶೇ 60 ಕೈಗೆ. ಮುಂಚೆ ಬಿಟ್ಟರೆ ಶೇ 80 ಆನ್ಯುಟಿಗೆ, ಅಂದರೆ ತಿಂಗಳ ಪಿಂಚಣಿ ಕೊಡೋ ವಿಮಾ ಯೋಜನೆಗೆ ಹಾಕಲೇಬೇಕು. ಖಾತೆಯಲ್ಲಿ 15 ಲಕ್ಷ ಇತ್ತು, ಕೈಗೆ ಬಂದದ್ದು 3 ಲಕ್ಷ. ಉಳಿದ 12 ಲಕ್ಷಕ್ಕೆ ತಿಂಗಳಿಗೆ 6,400. ತುಟ್ಟಿಭತ್ಯೆ ಇಲ್ಲ, ಸಾಯೋತನಕ ಅದೇ 6,400. ಮಾತ್ರೆಗೇ 2,100 ಹೋಗುತ್ತೆ.

ಗದಗ ನಿವೃತ್ತ:
ಮೇಡಂ, ನಿಮಗೆ 6,400 ಆದರೂ ಬರುತ್ತೆ. ನಾನೂ ಅನುದಾನಿತ. ನಮ್ಮ ಆಡಳಿತ ಮಂಡಳಿ ತನ್ನ ಪಾಲಿನ ವಂತಿಗೆ ಕಟ್ಟಲೇ ಇಲ್ಲ. ಹಳೇದೂ ಇಲ್ಲ, ಹೊಸದೂ ಇಲ್ಲ. ಅನುದಾನಕ್ಕೆ ಮುಂಚಿನ ಸೇವೆ ಪಿಂಚಣಿಗೆ ಲೆಕ್ಕಕ್ಕಿಲ್ಲ ಅಂತ 2014ರ ಕಾಯ್ದೆ ಬೇರೆ. ಹನ್ನೊಂದು ವರ್ಷ ಪಾಠ ಮಾಡಿದ್ದು ನೀರಲ್ಲಿ ಹೋಯ್ತು. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದರು, ಮುಂದಿನ ತಿಂಗಳಿಂದ ಮಗನ ಹತ್ತಿರ ಕೈಚಾಚಬೇಕಾಯ್ತು. 2022ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿ ಮಳೆಯಲ್ಲಿ ಧರಣಿ ಕೂತಿದ್ದೆವು. ಆಗ ಸರ್ಕಾರಿ ಮೇಷ್ಟ್ರುಗಳು ಎಲ್ಲಿದ್ರಿ?

ಹಾವೇರಿ ಮೇಷ್ಟ್ರು:
ಅದೇ ವರ್ಷ ಡಿಸೆಂಬರಿನಲ್ಲಿ ನಾವೂ ಅಲ್ಲೇ ಇದ್ದೆವು, ಮರೆತಿರಾ? ಮೂರು ದಿನ ಸಂಬಳ ಕಳಕೊಂಡಿದೀನಿ.

ಗದಗ ನಿವೃತ್ತ:
ನಿಮ್ಮ ಬೇಡಿಕೆಗೆ ಇದ್ರಿ. ನಮ್ಮ ಟೆಂಟಿಗೆ ಒಂದು ಲೋಟ ನೀರು ಕೇಳೋಕೂ ಬರಲಿಲ್ಲ. ಆದೇಶ ಸಿಕ್ಕ ಮೇಲಂತೂ ಸಂಘದ ಗುಂಪನ್ನೇ ಬಿಟ್ಟರು ನಿಮ್ಮವರು.

ತುಮಕೂರು ಶಿಕ್ಷಕಿ:
ಅದು ನಿಜ. ನಮ್ಮ ತಾಲ್ಲೂಕಲ್ಲೂ ಹಾಗೇ ಆಯ್ತು.

ಹಾವೇರಿ ಮೇಷ್ಟ್ರು:
ನಾನು ಬಿಟ್ಟಿಲ್ಲ. ಈಗಲೂ ವರ್ಷದ ಚಂದಾ ಕಟ್ತೀನಿ, ರಸೀದಿ ಬೇಕಾದರೆ ಹಾಕ್ತೀನಿ.

ಮೈಸೂರು ಶಿಕ್ಷಕ:
ರಸೀದಿ ಆಮೇಲೆ ನೋಡೋಣ. ರಾಜಸ್ಥಾನ, ಛತ್ತೀಸ್‌ಗಢ ಹಳೇ ಪಿಂಚಣಿ ಘೋಷಿಸಿದಾಗ ಎನ್‌ಪಿಎಸ್ ಹಣ ವಾಪಸ್ ಕೊಡೋಕೆ ಕೇಂದ್ರ ಒಪ್ಪಲಿಲ್ಲ. ಅಂದರೆ ರಾಜ್ಯ ಹೂಂ ಅಂದರೂ ಹಳೇ ಪಿಂಚಣಿ ಸಲೀಸಲ್ಲ. ಅಣ್ಣ, ಸೈಟು ಮಾತ್ರ ಮಾರಬೇಡಿ. ಕಾಯ್ದೆ ತಿದ್ದುಪಡಿ ಆಗುತ್ತೆ ಅಂತ ನಂಬಿ ನಾನು ಮಾರಿದೆ, ಆ ದುಡ್ಡು ಮಗಳ ಮದುವೆಗೇ ಕರಗಿತು.

ಗದಗ ನಿವೃತ್ತ:
ಕೇಂದ್ರದ ಕಥೆ ನಮಗ್ಯಾಕ್ರೀ? ನಮ್ಮ ಹೆಸರಲ್ಲಿ ಎನ್‌ಪಿಎಸ್ ಖಾತೆಯೇ ಇಲ್ಲ. 2014ರ ಕಾಯ್ದೆ ತಿದ್ದಬೇಕಾದ್ದು ವಿಧಾನಸೌಧದಲ್ಲಿ.