ಅಪ್‌ಡೇಟ್: ಬಳ್ಳಾರಿಯ ನನ್ನ ಕೌನ್ಸೆಲಿಂಗ್ ರೂಮು ಈಗ ಹೇಗಿದೆ

ಹೊಸ ಕೌನ್ಸೆಲಿಂಗ್ ರೂಮು ಆಸ್ಪತ್ರೆ ಥರ ಕಾಣುತ್ತದೆ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆನಲ್ಲ, ಈಗ ಚೆನ್ನಾಗಾಗಿದೆ. ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ಬೆಳಕಿನ ಸಲಹೆ. ಬಿಳಿ ಟ್ಯೂಬ್‌ಲೈಟ್ ಆಫ್ ಮಾಡಿ, ಮೂಲೆಯಲ್ಲಿ 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹಳದಿ ಬಲ್ಬ್ ಹಾಕಿದೆ. ಎದುರುಬದುರು ಇದ್ದ ಕುರ್ಚಿಗಳನ್ನು ಸ್ವಲ್ಪ ಓರೆಯಾಗಿ ಇಟ್ಟೆ. ಮಾತಾಡುವುದು ಕಷ್ಟವಾದಾಗ ಬಂದವರು ಕಿಟಕಿ ಕಡೆ ನೋಡಬಹುದು, ಅಲ್ವಾ? ಗೋಡೆಗೆ ಸಂಡೂರಿನ ಲಂಬಾಣಿ ಕಸೂತಿ ತೂಗುಹಾಕಿದೆ. ಕನ್ನಡಿ, ಕವಡೆ ಹೊಲಿದ ಆ ಬಟ್ಟೆ ನೋಡುತ್ತಾ ಅವರೇ ಮಾತು ಶುರು ಮಾಡುತ್ತಾರೆ. ಇದನ್ನು ನಾನು ಅಂದುಕೊಂಡೇ ಇರಲಿಲ್ಲ.

ಅಗರಬತ್ತಿ ಆಗಿಬರಲಿಲ್ಲ, ಒಬ್ಬರಿಗೆ ಕೆಮ್ಮು ಬಂತು. ದಪ್ಪ ಪರದೆ ನಮ್ಮೂರ ಬಿಸಿಲನ್ನು ತಡೆಯಿತು, ಆದರೆ ಒಳಗಿನ ಮಾತು ಹೊರಗೆ ಕೇಳುತ್ತಲೇ ಇತ್ತು. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಮಾತು ಸದ್ದಿನಲ್ಲಿ ಮುಚ್ಚಿಹೋಗಲಿ ಅಂತ ಕಾಯುವ ಜಾಗದಲ್ಲಿ ಟೇಬಲ್ ಫ್ಯಾನ್ ಓಡಿಸಿದ ಮೇಲೆ ಅದೂ ಸರಿಹೋಯಿತು.